ನೈಋತ್ಯ ಮೂಲೆಯ ಕಾಡುಹಂದಿಯವರ ಸನ್ನಿಧಾನಕ್ಕೆ

ಗುಡಗಾಂವ್, ಮೇ ೨೦೦೬

ವಿಷಯ: ತಮ್ಮ ಅತಿಯಾದ ಕರ್ತವ್ಯನಿಷ್ಠೆಯಿಂದ ನನಗೆ ಕೂಲರ್ ತಪ್ಪಿರುವ ಬಗ್ಗೆ.

ಮಾನ್ಯ ಕಾಡುಹಂದಿಯವರೇ,

ತಮ್ಮ ಕೋರೆಗಳು ಸದಾ ಹರಿತವಾಗಿರಲಿ, ತಮ್ಮ ಪೊದೆ ಸದಾ ಹಸಿರಾಗಿರಲಿ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ, ಗುಡಗಾಂವಿನ ಲೂ ಎಂಬ ಬಿಸಿಗಾಳಿಯಲ್ಲಿ ಹಪ್ಪಳದಂತೆ ಸುಡುತ್ತಿರುವ ನಾನು ಅಂಥ ಸುಳ್ಳನ್ನು ತಮ್ಮಂಥ ನೇರ ನಡೆಯವರಿಗೆ ಬರೆಯಲಾರೆ. ತಾವು ಮಧ್ಯಯುಗದ ಯುದ್ಧದ ಕಂಪ್ಯೂಟರ್ ಆಟವೊಂದರಲ್ಲಿ, ನಾನು ಕೈಯಾರೆ ರಚಿಸಿದ ಮ್ಯಾಪಿನ ನೈಋತ್ಯ ಮೂಲೆಯಲ್ಲಿ ವಾಸವಾಗಿದ್ದೀರಿ. ತಮ್ಮನ್ನು ಅಲ್ಲಿ ತಂದು ಇಟ್ಟವನು ನಾನೇ. ತಾವು ಈ ಸಂಬಂಧವನ್ನು ಮರೆತಂತೆ ಕಾಣುವುದರಿಂದ ವಿನಯಪೂರ್ವಕವಾಗಿ ನೆನಪಿಸುತ್ತಿದ್ದೇನೆ.

ನಮ್ಮ ಬಾಡಿಗೆ ಮನೆಯಲ್ಲಿ ನಾವು ನಾಲ್ವರು ಕನ್ನಡಿಗರಿದ್ದೇವೆ: ನಾನು, ಏಕನಾಥ, ದಕ್ಷಿಣಾಮೂರ್ತಿ ಮತ್ತು ಎಲ್ಲರಿಗಿಂತ ಕಿರಿಯ ಧನುಷ್. ಗೂಡಿನಂಥ ಕೋಣೆಗಳು ನಾಲ್ಕು, ಕೂಲರ್ ಒಂದೇ, ಆ ಕೂಲರ್ ಇರುವ ಕೋಣೆಯಲ್ಲಿ ಹಿಡಿಯುವುದು ಒಂದೇ ಮಂಚ. ಈ ಬೇಸಿಗೆ ಅದರಲ್ಲಿ ಯಾರು ಮಲಗಬೇಕು ಎಂಬ ಪ್ರಶ್ನೆ ಬಂದಾಗ, ಚೀಟಿ ಎತ್ತೋಣವೆಂದರೆ ದಕ್ಷಿಣಾಮೂರ್ತಿ ಒಪ್ಪಲಿಲ್ಲ, ಹಿರಿತನ ನೋಡೋಣವೆಂದರೆ ಧನುಷ್ ಒಪ್ಪಲಿಲ್ಲ, ತ್ಯಾಗ ಮಾಡಿ ಎಂದು ಏಕನಾಥ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲೇ ಇಲ್ಲ. ಕಡೆಗೆ, ಪ್ರತಿ ಭಾನುವಾರ ನಾವು ಕಂಪ್ಯೂಟರುಗಳಿಗೆ ತಂತಿ ಕಟ್ಟಿಕೊಂಡು ಆಡುವ ಆ ಯುದ್ಧದಲ್ಲಿ ಗೆದ್ದವನಿಗೆ ಕೂಲರ್ ಎಂದು ತೀರ್ಮಾನವಾಯಿತು. ಆದರೆ ಆಟದ ಜೊತೆ ಬರುವ ಮ್ಯಾಪುಗಳಲ್ಲಿ ಒಬ್ಬನಿಗೆ ಬಾಗಿಲಲ್ಲೇ ಚಿನ್ನದ ಗಣಿ, ಇನ್ನೊಬ್ಬನಿಗೆ ಬರೀ ಕಲ್ಲುಬಂಡೆ. ಯಾರೂ ತಕರಾರು ತೆಗೆಯದಂಥ ಮ್ಯಾಪೊಂದನ್ನು ಮಾಡಿಕೊಡುವವರು ಯಾರು ಎಂದಾಗ ಕೈ ಎತ್ತಿದ ಹುಂಬ ನಾನೇ.

ನನ್ನ ಮೊದಲ ಮ್ಯಾಪಿನಲ್ಲಿ ಪರೀಕ್ಷೆಗೆಂದು ಆಡಿದಾಗ, ಜೀವಮಾನದಲ್ಲಿ ಅಪರೂಪಕ್ಕೆ ನಾನು ಗೆದ್ದುಬಿಟ್ಟೆ. ಮೋಸವೆಂದು ಮೂವರೂ ಅದನ್ನು ಅಲ್ಲೇ ಅಳಿಸಿ ಹಾಕಿಸಿದರು. ಎರಡನೆಯದರಲ್ಲಿ ಕಾಡು, ಹೊಳೆ, ಗಣಿ, ಹುಲ್ಲುಗಾವಲು ಎಲ್ಲವನ್ನೂ ನಾಲ್ಕು ಮೂಲೆಗೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದೆ. ತನ್ನ ಚಿನ್ನ ಒಂದು ಮರದಷ್ಟು ದೂರವಿದೆಯೆಂದು ಹಟ ಹಿಡಿದ ಏಕನಾಥ ಸ್ಕೇಲು ತಂದು ಮಾನಿಟರಿನ ಮೇಲೆ ಇಟ್ಟು ಅಳೆದ. ಅಳತೆ ಸರಿಯಿತ್ತು, ಆದರೆ ಆಟ ಸತ್ತಿತ್ತು. ಎಲ್ಲರೂ ಸಮಾನರಾದ್ದರಿಂದ ಯಾರೂ ಯಾರ ಮೇಲೂ ಏರಿಹೋಗದೆ ದಿನವಿಡೀ ಗೋಡೆ ಕಟ್ಟುತ್ತಲೇ ಇದ್ದು, ಸಂಜೆ ಕರೆಂಟು ಹೋದ ಮೇಲಷ್ಟೇ ಯುದ್ಧ ಮುಗಿಯಿತು. ಆದ್ದರಿಂದ ಜೀವಕಳೆ ಬರಲೆಂದು ನಾಲ್ಕು ಮೂಲೆಗೂ ಒಂದೊಂದು ಕಾಡುಹಂದಿ ಬಿಟ್ಟೆ, ಎಲ್ಲಕ್ಕೂ ಒಂದೇ ತೂಕ, ಒಂದೇ ಕೋಪ. ಅದೇ ಹೊತ್ತಿಗೆ ದಕ್ಷಿಣಾಮೂರ್ತಿ, ಆಸ್ತಿ ಪಾಲಾಗುವಾಗ ನಮ್ಮ ಕಡೆ ಇರುವ ಪದ್ಧತಿಯನ್ನು ಎತ್ತಿದ: ಪಾಲು ಮಾಡಿದವನು ಕೊನೆಗೆ ಎತ್ತಿಕೊಳ್ಳಬೇಕು, ಕಿರಿಯವನು ಮೊದಲು. ಅದರಂತೆ ಧನುಷ್ ಈಶಾನ್ಯ ಹಿಡಿದ, ಉಳಿದಿಬ್ಬರು ತಮಗೆ ಬೇಕಾದ್ದು ಹಿಡಿದರು, ಯಾರಿಗೂ ಬೇಡವಾದ ನೈಋತ್ಯ ನನ್ನ ಪಾಲಿಗೆ ಬಂತು. ನಾಲ್ಕೂ ಒಂದೇ ಅಲ್ಲವೇ ಎಂದು ನಾನು ಮೀಸೆ ತಿರುವಿದೆ.

ಮುಂದಿನದನ್ನು ತಾವು ಬಲ್ಲಿರಿ. ಹಂದಿಗೆ ಒಂದು ಬಾಣ ಬಿಟ್ಟು, ಅದು ಅಟ್ಟಿಸಿಕೊಂಡು ಬರುವಂತೆ ಓಡಿ, ಊರಬಾಗಿಲಿನಲ್ಲಿ ಕಾದಿರುವವರ ಕೈಗೆ ಅದನ್ನು ಒಪ್ಪಿಸಿ, ಆ ಮಾಂಸದಲ್ಲಿ ಸೈನ್ಯ ಸಾಕುವುದು ಈ ಆಟದ ರೂಢಿ. ತಮ್ಮ ಮೂವರು ಬಂಧುಗಳು ಮದುವೆಮನೆಗೆ ಕರೆದಷ್ಟೇ ಸಲೀಸಾಗಿ ಹಿಂದೆ ಬಂದು ಊಟವಾದರು. ತಾವಾದರೋ, ಆಹಾ, ನಾನು ಕಳಿಸಿದ ಮೊದಲ ಆಳನ್ನು ತಿವಿದು ಕೆಡವಿದಿರಿ. ಅವನನ್ನು ಹುಡುಕಿಕೊಂಡು ಹೋದವನನ್ನೂ ಕೆಡವಿದಿರಿ. ಸೌದೆ ಕಡಿಯುತ್ತಿದ್ದ, ಈ ಜಗಳಕ್ಕೆ ಸಂಬಂಧವೇ ಇಲ್ಲದ ಪಾಪದವನನ್ನೂ ಬಿಡಲಿಲ್ಲ. ಏಕನಾಥನ ಕುದುರೆ ಸವಾರರು ಬಂದಾಗ ನನ್ನ ರಾಜ್ಯದಲ್ಲಿ ಜೀವಂತವಾಗಿ ಉಳಿದಿದ್ದವರು ತಾವೊಬ್ಬರೇ. ಸೈನ್ಯವನ್ನೇ ಕಟ್ಟಲಾರದ ಒಬ್ಬ ಅರಸನಿಗೆ ತಮ್ಮಂಥ ಸೇನಾಪತಿ ಎದುರುಪಕ್ಷದಲ್ಲಿ ಇದ್ದದ್ದು ಎಂಥ ಭಾಗ್ಯ! ತಮ್ಮ ಶೌರ್ಯಕ್ಕೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುವವನಿದ್ದೆ, ಆದರೆ ಹೊಟ್ಟೆ ಉರಿಯುತ್ತಿತ್ತು.

ಉರಿ ಸೋತದ್ದಕ್ಕಲ್ಲ ಸ್ವಾಮೀ, ಆಮೇಲಿನ ತೀರ್ಪಿಗೆ. ಆಟ ಮುಗಿದ ಮೇಲೆ ಯಾರಾದರೂ ತಕರಾರು ತೆಗೆದಾರು, ಇನ್ನೊಂದು ಸುತ್ತು ನಡೆದೀತು ಎಂದು ನಾನು ಆಸೆಯಿಂದ ಕಾದು ಕೂತಿದ್ದರೆ, ದಕ್ಷಿಣಾಮೂರ್ತಿ ನನ್ನ ಬೆನ್ನು ತಟ್ಟಿ, “ಮಾಡಿದವನೇ ಮೊದಲು ಸತ್ತ ಅಂದ್ಮೇಲೆ ಇದರಲ್ಲಿ ಮೋಸ ಇಲ್ಲ ಕಣ್ರೋ. ಚಲೋ, ಇನ್ಮೇಲೆ ಎಲ್ಲದಕ್ಕೂ ಇವನದ್ದೇ ಮ್ಯಾಪ್” ಎಂದ. ಮೂವರೂ ಕೈ ಕುಲುಕಿದರು. ಗೆದ್ದಿದ್ದ ಏಕನಾಥ ಆ ಕ್ಷಣವೇ ಹಾಸಿಗೆ ಸುತ್ತಿಕೊಂಡು ಕೂಲರ್ ಕೋಣೆ ಸೇರಿದ. ನನ್ನ ನ್ಯಾಯಬುದ್ಧಿಗೆ ಈ ಮನೆಯಲ್ಲಿರುವ ಸಾಕ್ಷಿ ನನ್ನ ಸೋಲೊಂದೇ ಎಂದಾಯಿತು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ಮುಂದಿನ ಸಲ ತಾವು ಹದಿನೈದು ದಿನ ಮುಂಚಿತವಾಗಿ ರಜೆಗೆ ಅರ್ಜಿ ಹಾಕಬೇಕು. ಅದು ಆಗದಿದ್ದರೆ ಈಶಾನ್ಯಕ್ಕೆ ವರ್ಗ ಮಾಡಿಸಿಕೊಳ್ಳಬೇಕು, ಧನುಷ್ ಒಳ್ಳೆಯ ಹುಡುಗ, ತಿವಿಸಿಕೊಂಡರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದೂ ಆಗದಿದ್ದರೆ, ದಯಮಾಡಿ ಪರದೆಯಿಂದ ಕೆಳಗಿಳಿದು ಬಂದು ಏಕನಾಥನ ಕೋಣೆಯ ಬಾಗಿಲನ್ನು ಒಮ್ಮೆ ತಿವಿಯಬೇಕು. ಚಿಲಕ ಸಡಿಲವಿದೆ, ತಮಗೆ ಶ್ರಮವಾಗದು.

ತಮ್ಮಿಂದ ತಿವಿಸಿಕೊಂಡೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದತ್ತಾತ್ರೇಯ

ತಾ.ಕ.: ತಮ್ಮ ಉತ್ತರಕ್ಕೆ ಕಾಯದೆ ನಿನ್ನೆ ಹೊಸ ಮ್ಯಾಪೊಂದನ್ನು ಮಾಡಿ, ತಮ್ಮ ಕುಲದವರನ್ನೆಲ್ಲ ತೆಗೆದುಹಾಕಿ, ನನ್ನ ಮೂಲೆಯಲ್ಲಿ ಒಂದು ಸಾಧು ಜಿಂಕೆಯನ್ನು ಇಟ್ಟು, ಯಾರೂ ಇಲ್ಲದಾಗ ಕಂಪ್ಯೂಟರನ್ನೇ ಶತ್ರು ಮಾಡಿಕೊಂಡು ಒಬ್ಬನೇ ಆಡಿ ನೋಡಿದೆ. ಜಿಂಕೆಯ ಹಿಂದೆ ಓಡಿದ ನನ್ನ ಆಳುಗಳೆಲ್ಲ ಸಾಲಾಗಿ ಶತ್ರುವಿನ ಕೋಟೆಯೊಳಗೆ ಹೋಗಿ ಸತ್ತರು. ತಾವು ನಿರಪರಾಧಿಗಳಾಗಿರಬಹುದೆಂಬ ಅನುಮಾನ ನನಗೆ ಬಂದಿದೆ. ಆದರೂ ದೂರನ್ನು ಹಿಂದಕ್ಕೆ ಪಡೆಯುವುದಿಲ್ಲ. ತಪ್ಪು ತಮ್ಮದಲ್ಲವೆಂದಾದರೆ ಅದು ಯಾರದೆಂದು ಹೇಳಬೇಕಾಗುತ್ತದೆ.