ಪಕ್ಕೀರಪ್ಪನ ಸಬ್ಜೆಕ್ಟ್ ಲೈನು

"ನಾಳೆ ಸಂಜಿಯೊಳಗ ನಲವತ್ತಲ್ಲ, ನೂರು ಮಂದಿ ಸರ್ವೆ ತುಂಬಲಿಲ್ಲಂದ್ರ ನನ್ನ ಹೆಸರು ಪಕ್ಕೀರಪ್ಪನೇ ಅಲ್ಲ!"

ಹಂಪಿ ಪಕ್ಕದ ಕಡ್ಡಿರಾಂಪುರದ ಹೋಂಸ್ಟೇ ಕಟ್ಟೆಯ ಮೇಲಿಂದ ಈ ಗರ್ಜನೆ ಹೊರಟಾಗ ಮೊಮ್ಮಗಳು ಸ್ಫೂರ್ತಿ ಉಗುರು ಕಚ್ಚುತ್ತಿದ್ದಳು. ಹಳೇ ಅತಿಥಿಗಳಲ್ಲಿ ನಲವತ್ತು ಮಂದಿ ಸರ್ವೆ ತುಂಬಿದರೆ ಅವಳ ನಾಲ್ಕು ಕೋಣೆಯ ಹೋಂಸ್ಟೇಯನ್ನು ತನ್ನ ಪಟ್ಟಿಗೆ ಸೇರಿಸುತ್ತೇನೆ ಎಂದಿತ್ತು ಒಂದು ಬುಕಿಂಗ್ ಕಂಪನಿ. ನಾಳೆ ಭಾನುವಾರ, ಕೊನೆಯ ದಿನ. ಇನ್ನೂರು ಮಂದಿಗೆ ಮೇಲ್ ಹೋಗಿತ್ತು. ತುಂಬಿದವರು ಆರು!

"'ಗ್ರಾಹಕ ಅಭಿಪ್ರಾಯ ಸಮೀಕ್ಷೆ' ಅಂತ ಸಬ್ಜೆಕ್ಟ್ ಹಾಕಿದ್ರ ಯಾರು ತೆಗೀತಾರಲೇ? ಓದಿದವ ಉಣ್ಣೋ ತಾಟು ಬಿಟ್ಟು ಏಳಬೇಕು! ಸಂಡೂರು ಗಣಿಯಾಗ ನಾ ಬರದ ನೋಟಿಸ್ ಓದಾಕ ಗುಡ್ಡದ ಕರಡಿನೂ ಪಾಳಿ ಹಚ್ಚಿತ್ತು!"

"ಅದು ನಿಮ್ಮ ಬುತ್ತಿಗೆ ಬಂದಿತ್ತು," ಎಂದಳು ಒಳಗಿನಿಂದ ಹೆಂಡತಿ ಜಂಬಕ್ಕ.

ಸ್ಫೂರ್ತಿ ತರಕಾರಿಗೆಂದು ಹೊಸಪೇಟೆಗೆ ಹೊರಟದ್ದೇ ತಡ, ಪಕ್ಕೀರಪ್ಪ ಲ್ಯಾಪ್‌ಟಾಪ್ ಮುಂದೆ ಕೂತ. ಎದ್ದ. ಅಂಗಳ ಸುತ್ತಿದ. ಮತ್ತೆ ಕೂತ. ಬಾಗಿಲ ಹೊರಗೆ, ಒಳಗಿದ್ದ ಅತಿಥಿಗಳು ಕಳಚಿಟ್ಟ ಚಪ್ಪಲಿಗಳ ಸಾಲು ಕಣ್ಣಿಗೆ ಬಿದ್ದದ್ದೇ, ಹೊಳೆಯಿತು! ಒಂದೇ ಬೆರಳಲ್ಲಿ ಹೊಸ ಸಬ್ಜೆಕ್ಟ್ ಕುಟ್ಟಿ, ಅದೇ ಮೇಲನ್ನು ಇನ್ನೂರು ಮಂದಿಗೂ ಬಿಟ್ಟ: "ನಿಮ್ಮ ಚಪ್ಪಲಿ ನಮ್ಮ ಮನ್ಯಾಗ ಉಳದಾವ!"

ಟಿಂಗ್! ಟಿಂಗ್! ಸ್ಫೂರ್ತಿ ವಾಪಸ್ ಬರುವುದರೊಳಗೆ ನೂರಾ ಎಂಬತ್ತು ಉತ್ತರ! ಪಕ್ಕೀರಪ್ಪನ ಮೀಸೆ ತಾನಾಗಿಯೇ ತಿರುಗಿತು.

"ತಾತಾ, ಏನ್ ಮಾಡಿಟ್ಟಿ! ಸರ್ವೆ ತುಂಬಿದೋರು ಅದೇ ಆರು ಮಂದಿ! ಉಳದೋರೆಲ್ಲ ಚಪ್ಪಲಿ ಕಳಸ್ರಿ ಅಂತಾರ!"

ಒಬ್ಬರಿಗೆ ಎಡಗಾಲಿನದು ಮಾತ್ರ ಬೇಕಿತ್ತು. ದಾವಣಗೆರೆಯ ಹೆಣ್ಣುಮಗಳೊಬ್ಬಳು ಬರೆದಿದ್ದಳು: "ನಮ್ಮನೆಯವರು ಹಂಪಿಗೆ ಬಂದದ್ದೇ ನನಗೆ ಗೊತ್ತಿಲ್ಲ. ಅಲ್ಲಿ ಎಷ್ಟು ಜೊತೆ ಚಪ್ಪಲಿ ಇವೆ?"

ಅಷ್ಟರಲ್ಲಿ ಕಂಪ್ಲಿಯಿಂದ ಶಂಭುಲಿಂಗ ಎಂಬ ಹಳೇ ಅತಿಥಿ ಬೈಕ್ ಏರಿ ಬಂದೇಬಿಟ್ಟ. "ಕಂದು ಬಣ್ಣದ್ವು, ಒಂಬತ್ತನೇ ನಂಬರ್... ಇವೇ ನೋಡ್ರಿ!" ಎಂದು ಕೈ ಹಾಕಿದ್ದು ಪಕ್ಕೀರಪ್ಪ ಮೊನ್ನೆ ತಂದ ಹೊಸ ಚಪ್ಪಲಿಗೆ! ನನ್ನವು ಎಂದರೆ ಸುಳ್ಳು ಬಯಲು. "ಹೌದ್ರಿ, ನಿಮ್ಮವೇ. ಒಯ್ರಿ," ಎಂದ ಪಕ್ಕೀರಪ್ಪ, ತಾನೇ ಚೀಲಕ್ಕೆ ಹಾಕಿಕೊಡುತ್ತಾ.

ಸ್ಫೂರ್ತಿಯ ಕಣ್ಣು ತುಂಬಿದ್ದು ನೋಡಿ ಜಂಬಕ್ಕ ಸೌಟು ಹಿಡಿದೇ ಹೊರಗೆ ಬಂದಳು. "ಅಳಬ್ಯಾಡ. ನಾ ಹೇಳ್ತೀನಿ, ಹಂಗ ಬರಿ: 'ನಮ್ಮ ಮುದುಕ ಸುಳ್ಳು ಬರದಾನ. ಚಪ್ಪಲಿ ಇಲ್ಲ. ಹುಡುಗಿ ಸಲುವಾಗಿ ಎರಡು ನಿಮಿಷ ಕೊಡ್ರಿ.'"

ಭಾನುವಾರ ಸಂಜೆಗೆ ನೂರಾ ಹನ್ನೆರಡು ಮಂದಿ ಸರ್ವೆ ತುಂಬಿದ್ದರು. ಸ್ಫೂರ್ತಿ ಕುಣಿದಾಡಿದಳು.

"ನೂರು ದಾಟಿತಿಲ್ಲೋ? ನಾ ಹೇಳಿದ್ದಿಲ್ಲೇನು?" ಎಂದ ಪಕ್ಕೀರಪ್ಪ, ಜಂಬಕ್ಕನ ಗುಲಾಬಿ ಹವಾಯಿ ಚಪ್ಪಲಿಯಲ್ಲಿ ಅಂಗಳ ಸುತ್ತುತ್ತಾ.

"ಇದೊಂದು ಕೇಳು ತಾತ, ಕಂಪ್ಲಿ ಶಂಭುಲಿಂಗ ಅವರದು," ಎಂದು ಸ್ಫೂರ್ತಿ ಓದಿದಳು: "ಮನೆಯವರು ಭಾಳ ಒಳ್ಳೆಯವರು. ಕಂಪ್ಲಿಗೆ ವಾಪಸ್ ಬಂದು ನೋಡಿದರೆ ನನ್ನ ಚಪ್ಪಲಿ ನಮ್ಮ ಮನೆಯ ಮಂಚದ ಕೆಳಗೇ ಇದ್ದವು. ಕೇಳಿದ ಕೂಡಲೇ ಹೊಸ ಜೊತೆ ಕೊಟ್ಟ ಹೋಂಸ್ಟೇ ಇದೊಂದೇ. ಮುಂದಿನ ತಿಂಗಳು ಅಣ್ಣತಮ್ಮಂದಿರನ್ನೂ ಕರೆತರುತ್ತೇನೆ."