ತೋರಣಕ್ಕೆ ಅನುಮತಿ ಬೇಡ

ಒಂದು ತಂತಿಯನ್ನು ರಸ್ತೆಯ ಈಚೆಯಿಂದ ಆಚೆಗೆ ಎಳೆಯುವುದೇನು ಮಹಾ ಕೆಲಸ ಎಂದು ನಿಮಗೆ ಅನಿಸಬಹುದು. ಎಳೆದು ನೋಡಿ. ಕುಂಬಳೆಯ ಒಳಭಾಗದಲ್ಲಿ ನಾನು ಕೇಬಲ್ ಟಿವಿ ನಡೆಸುವವನು. ಇಷ್ಟು ವರ್ಷಗಳಲ್ಲಿ ಏಣಿಯ ಮೇಲೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಆಫೀಸುಗಳ ಬೆಂಚಿನ ಮೇಲೆ ಕೂತಿದ್ದೇನೆ. ಅಲ್ಲಿ ನಡೆಯುವುದನ್ನು ನೋಡಿದ ಮೇಲೆ ಟಿವಿಯ ಹಾಸ್ಯ ಕಾರ್ಯಕ್ರಮಗಳಿಗೆ ನನಗೆ ನಗುವೇ ಬರುವುದಿಲ್ಲ.

ಮನೆಮನೆಗೆ ಡಿಶ್ ಬಂದು ನನ್ನ ಟಿವಿ ವ್ಯಾಪಾರ ಮುಳುಗುತ್ತಿದ್ದ ಕಾಲವದು. ಇಂಟರ್ನೆಟ್ ಕೊಟ್ಟರೆ ಮಾತ್ರ ಬದುಕು. ರಸ್ತೆಯಾಚೆ ಗುಡ್ಡದ ಬುಡದಲ್ಲಿ ಒಂದು ಊರು. ಅಲ್ಲಿ ಫೋನಿಗೆ ರೇಂಜ್ ಬೇಕಾದರೆ ಗುಡ್ಡ ಹತ್ತಬೇಕು. ಮನೆಗೊಬ್ಬರು ಗಲ್ಫಿನಲ್ಲಿ. ಅವರಿಗೆಲ್ಲ ಊರಿನ ದೈವದ ಕೋಲವನ್ನು ಅಲ್ಲಿಂದಲೇ ನೋಡುವ ಆಸೆ.

"ಈ ಸಲದ ಕೋಲಕ್ಕೆ ಇಂಟರ್ನೆಟ್ ತಾ ಮಾರಾಯ, ಊರಿಡೀ ನಿನ್ನದೇ ಕನೆಕ್ಷನ್. ಇಲ್ಲದಿದ್ದರೆ ಪೇಟೆಯ ದೊಡ್ಡ ಕಂಪೆನಿಯವರು ಬರ್ತಾರಂತೆ" ಎಂದರು ಊರವರು. ಆ ಕಂಪೆನಿ ಬಂದರೆ ನಾನು ಅಂಗಡಿಗೆ ಬೀಗ ಹಾಕಿದ ಹಾಗೆಯೇ. ಅವತ್ತೇ ಹೊರಟೆ.

ಕಂಬದ ಭಾರ

ಮೊದಲು ಕರೆಂಟಿನ ಆಫೀಸು. ರಸ್ತೆಬದಿಯ ಕಂಬಗಳಲ್ಲಿ ನನ್ನ ಟಿವಿ ಕೇಬಲ್ ಆಗಲೇ ಇತ್ತು. ಅದರ ಪಕ್ಕ ಇಂಟರ್ನೆಟ್ಟಿನ ಒಂದು ಫೈಬರ್ ತಂತಿ ಎಳೆಯಬೇಕು, ಅಷ್ಟೇ. ಅಲ್ಲಿನ ಓವರ್ಸಿಯರ್ ಕೇರಳದ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಮಲಯಾಳಿ. ಪಾಪ, ಕಷ್ಟಪಟ್ಟು ಕನ್ನಡ ಕಲಿತಿದ್ದರು. ಅದರಲ್ಲೂ "ಆಗುವುದಿಲ್ಲ" ಎಂಬುದನ್ನು ಬಹಳ ಸ್ಪಷ್ಟವಾಗಿ ಹೇಳುತ್ತಿದ್ದರು.

"ಟಿವಿಗೆ ಅನುಮತಿ ಉಂಟು. ಇಂಟರ್ನೆಟ್ ಬೇರೆ. ಕಂಬಕ್ಕೆ ಭಾರ ಆಗ್ತದೆ."

ನಾನು ಚೀಲದಿಂದ ಫೈಬರಿನ ತುಂಡು ತೆಗೆದು ಮೇಜಿನ ಮೇಲಿಟ್ಟೆ. ಟಿವಿ ಕೇಬಲ್ಲಿನ ಮುಂದೆ ಅದು ಶ್ಯಾವಿಗೆಯಷ್ಟು ಸಪೂರ.

"ಸಾರ್, ಇದು ಎಂತ ಭಾರ?"

"ತಂತಿ ಸಪೂರವೇ. ಒಳಗೆ ಇಡೀ ಪ್ರಪಂಚ ಹೋಗ್ತದಲ್ಲ?"

ಕಿಟಕಿಯಾಚೆ ಅವರದೇ ಕಂಬ ಕಾಣುತ್ತಿತ್ತು. ಅದರಲ್ಲಿ ಪಕ್ಷಗಳ ಬಾವುಟ, ಕ್ಲಬ್ಬಿನ ಬೋರ್ಡು, ಯಾರೋ ಬಟ್ಟೆ ಒಣಗಿಸಲು ಕಟ್ಟಿದ ಹಗ್ಗ, ಒಂದು ಚುನಾವಣೆಯ ಫ್ಲೆಕ್ಸು.

"ಅದಕ್ಕೆಲ್ಲ ಅನುಮತಿ ಉಂಟಾ ಸಾರ್?"

"ಅದು ತಾತ್ಕಾಲಿಕ. ತಾತ್ಕಾಲಿಕಕ್ಕೆ ಅನುಮತಿ ಬೇಡ."

ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿದ್ದ ಅಭ್ಯರ್ಥಿ ಆ ಚುನಾವಣೆಯಲ್ಲಿ ಸೋತು, ಪಕ್ಷ ಬಿಟ್ಟು, ಮುಂದಿನ ಚುನಾವಣೆಯಲ್ಲಿ ಇನ್ನೊಂದು ಪಕ್ಷದಿಂದ ಗೆದ್ದೂ ಆಗಿತ್ತು.

ಡಾಮರು ಯಾರದ್ದು, ಮಣ್ಣು ಯಾರದ್ದು

ಕಂಬ ಬೇಡ, ರಸ್ತೆಯ ಅಡಿಯಿಂದ ಪೈಪು ಹಾಕಿ ದಾಟಿಸುವ ಎಂದುಕೊಂಡೆ. ರಸ್ತೆಯ ಆಫೀಸಿನವರು "ಡಾಮರು ಮಾತ್ರ ನಮ್ಮದು, ಬದಿಯ ಮಣ್ಣು ಪಂಚಾಯತಿನದ್ದು" ಎಂದರು. ಪಂಚಾಯತಿನವರು "ಮಣ್ಣು ನಮ್ಮದೇ, ಆದರೆ ಡಾಮರಿನವರು ಒಪ್ಪದೆ ಮಣ್ಣು ಮುಟ್ಟುವ ಹಾಗಿಲ್ಲ" ಎಂದರು. ಡಾಮರಿನವರು ಮತ್ತೆ "ಮೊದಲು ಮಣ್ಣಿನ ಕಾಗದ ತನ್ನಿ" ಎಂದರು. ಎರಡು ಆಫೀಸಿನ ನಡುವೆ ಓಡಾಡಿ ನನ್ನ ಸ್ಕೂಟರ್ ದಾರಿ ಕಲಿತುಬಿಟ್ಟಿತು. ಕೊನೆಗೆ ಇಬ್ಬರೂ ಒಂದಾಗಿ ಹೇಳಿದರು: "ಹೊಸ ಡಾಮರು. ಈಗ ಅಗೆಯುವ ಹಾಗೆಯೇ ಇಲ್ಲ."

ಮುಂದಿನ ವಾರ ಹೋಗಿ ನೋಡಿದರೆ ನೀರಿನ ಇಲಾಖೆಯವರು ಅದೇ ಜಾಗದಲ್ಲಿ ರಸ್ತೆಯನ್ನು ಅಡ್ಡಕ್ಕೆ ಸೀಳಿದ್ದಾರೆ! ನನಗೆ ಲಾಟರಿ ಹೊಡೆದಷ್ಟು ಖುಷಿ. ರಸ್ತೆಯ ಆಫೀಸಿಗೆ ಓಡಿ, "ಸಾರ್, ಹೇಗೂ ಅಗೆದಾಯಿತು. ಮುಚ್ಚುವ ಮೊದಲು ನನ್ನದೊಂದು ಸಣ್ಣ ಪೈಪು ಅದರೊಳಗೆ ಇಡ್ತೇನೆ" ಎಂದೆ.

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು.

"ಅದು ಅವರ ಗುಂಡಿಯಲ್ಲವಾ? ಅವರ ಗುಂಡಿಯಲ್ಲಿ ನೀವು ಹೇಗೆ ಇಡುವುದು? ಅವರು ಮುಚ್ಚಲಿ. ನಾವು ಡಾಮರು ಹಾಕ್ತೇವೆ. ಆಮೇಲೆ ನೀವು ಅಗೆಯಲಿಕ್ಕೆ ಅರ್ಜಿ ಕೊಡಿ."

ಎರಡು ತೆಂಗಿನಮರ

ಸರಕಾರದ ಸಹವಾಸವೇ ಸಾಕು, ರಸ್ತೆಯ ಚಿಂತೆ ಆಮೇಲೆ, ಆಚೆಯ ದಾರಿಯನ್ನಾದರೂ ಸರಿಮಾಡುವ ಎಂದು ಊರೊಳಗೆ ಹೋದೆ. ದೈವಸ್ಥಾನಕ್ಕೆ ಹೋಗುವ ಓಣಿಯ ಎಡಕ್ಕೆ ದೈವಸ್ಥಾನದ ಯಜಮಾನರ ಹಿತ್ತಿಲು, ಬಲಕ್ಕೆ ಊರಿನ ಕ್ರಿಶ್ಚಿಯನ್ ಹಿರಿಯರಾದ ಪೊರ್ಬುಗಳ ಹಿತ್ತಿಲು. ಈ ಮರದಿಂದ ಆ ಮರಕ್ಕೆ ಕಟ್ಟಿದರೆ ಊರು ಸಿಕ್ಕಿತು.

ಆದರೆ ಓಣಿಯ ಮೇಲೆ ಬಾಗಿದ ಯಜಮಾನರ ಮರದ ಕಾಯಿ ಪೊರ್ಬುಗಳ ಕಡೆ ಬೀಳುತ್ತದೆ. ಬಿದ್ದದ್ದು ಯಾರದ್ದು ಎಂಬ ವಿಷಯದಲ್ಲಿ ಇಬ್ಬರಿಗೂ ಮಾತುಕತೆ ನಿಂತುಹೋಗಿತ್ತು.

"ಎಲ್ಲಿ ಬೇಕಾದರೂ ಎಳೆ ಮಾರಾಯ, ನನ್ನ ಮರದಿಂದ ಅವರ ಮರಕ್ಕೆ ಇಂಟರ್ನೆಟ್ ಹೋಗಬಾರದು" ಎಂದರು ಯಜಮಾನರು.

ಪೊರ್ಬುಗಳು ಇನ್ನೂ ಒಂದು ಹೆಜ್ಜೆ ಮುಂದೆ. "ಅವರ ಮರ ಮುಟ್ಟಿ ಬಂದ ಇಂಟರ್ನೆಟ್ ನನಗೆ ಬೇಡ. ನಾಳೆ ಅದರಲ್ಲಿ ಎಂತಾದರೂ ಡೌನ್‌ಲೋಡ್ ಮಾಡಿದರೆ, ಅದೂ ತನ್ನ ಮರದ್ದೇ ಅಂತ ಕೇಳಿಕೊಂಡು ಬಂದಾರು!"

ತಾತ್ಕಾಲಿಕ

ಕೋಲ ಹತ್ತಿರ ಬಂತು. ದೊಡ್ಡ ಕಂಪೆನಿಯವರು "ಶೀಘ್ರದಲ್ಲಿ" ಎಂಬ ಬೋರ್ಡನ್ನು ಊರ ಬಾಗಿಲಲ್ಲೇ ನಿಲ್ಲಿಸಿಬಿಟ್ಟಿದ್ದರು. ಕರೆಂಟಿನ ಕಂಬಕ್ಕೆ ಕಟ್ಟಿ.

ಒಂದು ಬೆಳಿಗ್ಗೆ ಸೋತ ಮುಖ ಹೊತ್ತುಕೊಂಡು ಅಲ್ಲಿ ನಿಂತಿದ್ದೆ. ಊರಿನ ಯುವಕರು ಕೋಲಕ್ಕೆ ಬಣ್ಣದ ಕಾಗದದ ತೋರಣ ಕಟ್ಟುತ್ತಿದ್ದರು. ಪ್ರತಿ ವರ್ಷದ ಕ್ರಮ ಅದು. ರಸ್ತೆಯ ಈಚೆಯ ಕಂಬಗಳಿಂದ ಹಗ್ಗ ಹೊರಟು, ಡಾಮರಿನ ಮೇಲಿಂದ ಹಾರಿ, ಯಜಮಾನರ ತೆಂಗಿಗೆ ಒಂದು ಸುತ್ತು ಸುತ್ತಿ, ಅಲ್ಲಿಂದ ಪೊರ್ಬುಗಳ ತೆಂಗಿಗೆ ಹೋಗಿ, ನೆಟ್ಟಗೆ ದೈವಸ್ಥಾನದ ಅಂಗಳ ಸೇರುತ್ತದೆ. ಯಾರೂ ಯಾರನ್ನೂ ಕೇಳುವುದಿಲ್ಲ. ಅದೂ ಅಲ್ಲದೆ, ಕೋಲಕ್ಕೆ ಸೀಯಾಳ ಕೊಡುವವರು ಹಿಂದಿನಿಂದಲೂ ಪೊರ್ಬುಗಳೇ. ಆ ದಿನ ಕಾಯಿಯ ಜಗಳಕ್ಕೆ ರಜೆ.

ನಾನು ಬಾಯಿ ತೆರೆದು ನೋಡುತ್ತಲೇ ನಿಂತೆ. ಆಮೇಲೆ ಯಜಮಾನರ ಮನೆಗೆ ಓಡಿದೆ. ಅವರು ಆಗಷ್ಟೇ ಮಸ್ಕತ್ತಿನ ತಂಗಿಯೊಟ್ಟಿಗೆ ಫೋನಿನಲ್ಲಿ ಮಾತಾಡಿ ಗುಡ್ಡ ಇಳಿದು ಬಂದಿದ್ದರು. ಎಲ್ಲರ ಊರಿನ ಕೋಲ ಫೋನಿನಲ್ಲಿ ಬರುತ್ತದೆ, ನಮ್ಮದು ಮಾತ್ರ ಎಂತ ಬರುವುದಿಲ್ಲ ಎಂದು ಆಕೆ ಅತ್ತಿದ್ದಳಂತೆ. ಯಜಮಾನರ ಕಣ್ಣೂ ಒದ್ದೆಯಾಗಿತ್ತು.

"ತೋರಣದ ಹಗ್ಗದೊಟ್ಟಿಗೆ ನನ್ನದೂ ಒಂದು ಸಪೂರದ್ದು ಸುತ್ತಲಾ?" ಎಂದೆ.

ಅವರು ಕಣ್ಣೊರೆಸಿಕೊಂಡರು.

"ಇಂಟರ್ನೆಟ್ ಹೋಗಬಾರದು ಅಂದದ್ದು ನಾನು. ತೋರಣ ಹೋಗಬಾರದು ಅಂತ ಯಾವಾಗ ಹೇಳಿದೆ?"

ಪೊರ್ಬುಗಳನ್ನು ಕೇಳಿದೆ. "ತೋರಣಕ್ಕೆ ಬೇಡ ಅನ್ನಲಿಕ್ಕೆ ನಾನು ಯಾರು?" ಎಂದು ಏಣಿಯನ್ನೂ ಅವರೇ ಕೊಟ್ಟರು.

ಆ ವರ್ಷ ಮಸ್ಕತ್, ಕುವೈತ್, ದುಬೈಗಳಲ್ಲಿ ಕೂತವರೆಲ್ಲ ಕೋಲ ನೋಡಿ ಕೈಮುಗಿದರು. ಊರವರು ಮಾತು ತಪ್ಪಲಿಲ್ಲ, ಮನೆಮನೆಯವರೂ ನನ್ನದೇ ಕನೆಕ್ಷನ್ ತೆಗೆದುಕೊಂಡರು. ನನ್ನ ಅಂಗಡಿ ಉಳಿಯಿತು.

ತೋರಣವೂ ಉಳಿಯಿತು. ಮಳೆಗೆ ಕಾಗದವೆಲ್ಲ ಕರಗಿ ಹೋದ ಮೇಲೆ ಓವರ್ಸಿಯರ್ ಜೀಪಿನಲ್ಲಿ ಬಂದಿಳಿದರು. ನಾವೆಲ್ಲ ಓಡಿ ಬಂದೆವು. ಅವರು ಹಗ್ಗಕ್ಕೆ ಅಂಟಿಕೊಂಡಿದ್ದ ಕಪ್ಪು ತಂತಿಯನ್ನು ತಲೆಯೆತ್ತಿ ನೋಡಿದರು.

"ಎಂತ ಇದು?"

"ತೋರಣ ಸಾರ್" ಎಂದರು ಯಜಮಾನರು.

"ತಾತ್ಕಾಲಿಕ ಸಾರ್" ಎಂದರು ಪೊರ್ಬುಗಳು. ಅವರಿಬ್ಬರೂ ಅಕ್ಕಪಕ್ಕ ನಿಂತದ್ದನ್ನು ಊರು ಬಹಳ ಕಾಲದ ನಂತರ ನೋಡಿತು.

"ಕೋಲ ಮುಗಿದು ತಿಂಗಳುಗಳಾಯಿತಲ್ಲ?"

"ಮುಂದಿನ ಕೋಲಕ್ಕೆ ಈಗಲೇ ಕಟ್ಟಿದ್ದು" ಎಂದೆ ನಾನು.

ಕಂಬದಿಂದ ಮರಕ್ಕೆ, ಮರದಿಂದ ಮರಕ್ಕೆ ಓವರ್ಸಿಯರ ಕಣ್ಣು ಹೋಯಿತು. ಆಮೇಲೆ ನನ್ನ ಹೆಗಲಿಗೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಕೇಳಿದರು:

"ಈ ತೋರಣವನ್ನು ನಮ್ಮ ಕ್ವಾರ್ಟರ್ಸಿನವರೆಗೆ ಎಳೆಯಬಹುದಾ?"