ಶಿವನಂಜಪ್ಪನ ಆಷಾಢದ ಗುಲಾಬಿ

ಗುಲಾಬಿ ಗಿಡಗಳು ಶ್ರಾವಣದಲ್ಲಿ ಬಂದಿದ್ದರೆ ಶಿವನಂಜಪ್ಪನ ಮಾನ ಉಳಿಯುತ್ತಿತ್ತು. ಶ್ರಾವಣಕ್ಕೇ ಕಳಿಸಿ ಅಂತ ಎಷ್ಟು ಬರೆದರೂ ಬೆಂಗಳೂರಿನ ನರ್ಸರಿಯವನು, ಮಳೆ ಬಿದ್ದಿದೆ, ನೆಡೋದಕ್ಕೆ ಇದೇ ಹದ ಅಂತ ಆಷಾಢದ ನಡುವೆಯೇ ರೈಲಿಗೆ ಹಾಕಿಬಿಟ್ಟ. ಕೃಷ್ಣರಾಜನಗರ ಸ್ಟೇಷನ್ನಿಂದ ಆರು ಗಿಡ ಹೊತ್ತು ತಂದ ಈ ತಾಲ್ಲೂಕು ಕಚೇರಿ ಗುಮಾಸ್ತನಿಗೆ ಬೀದಿಯೇ ಅಡ್ಡ ನಿಂತಿತು.

"ಆಷಾಢದಲ್ಲಿ ಗಿಡ ನೆಡ್ತಾರೇನಯ್ಯಾ?" ಎದುರುಮನೆ ನೀಲಕಂಠಸ್ವಾಮಿ ಪಂಚಾಂಗ ಹಿಡಿದೇ ಬಂದರು. "ಹೊಸದಾಗಿ ಮದುವೆಯಾದೋನು ಬೇರೆ!"

"ಬ್ಯಾಡ ಕಣಪ್ಪ," ಅಂದಳು ಪಕ್ಕದ ಮನೆ ಪುಟ್ಟತಾಯಮ್ಮ. "ಮುಳ್ಳಿನ ಗಿಡ, ಎಡ್ತಿ ತವರಲ್ಲೇ ಕೂತ್ಬುಟ್ಟಾಳು. ಒದ್ದೆ ಗೋಣಿ ಸುತ್ತಿ ಹಿತ್ತಲಲ್ಲಿ ಮಡಗು. ಬಿಚ್ಚಬ್ಯಾಡ, ಗಾಳಿ ಸೋಕ್ತದೆ. ನೀರು ನಾನು ಚುಮುಕಿಸ್ತೀನಿ."

ಹೆಂಡತಿ ಅಂದಕೂಡಲೇ ಶಿವನಂಜಪ್ಪ ಮೆತ್ತಗಾದ. ಸರ್ವಮಂಗಳ ಆಷಾಢಕ್ಕೆ ಬೆಟ್ಟದಪುರದ ತವರಿಗೆ ಹೊರಟಾಗ ಬಸ್ಸಿನ ಕಿಟಕಿಯಿಂದಲೇ ಹೇಳಿದ್ದಳು: "ದಿನಾ ಪುಟ್ಟತಾಯಮ್ಮೋರ ಹತ್ರ ಒಂದು ಹೂವಿಗೆ ಕೈಯೊಡ್ಡೋದು ನನ್ನಿಂದಾಗಲ್ಲ. ನಾನು ಬರೋ ಹೊತ್ತಿಗೆ ಬಾಗಿಲಲ್ಲಿ ಗುಲಾಬಿ ಇರ್ಬೇಕು. ಇಲ್ದಿದ್ರೆ ಬಂದ ಬಸ್ಸಲ್ಲೇ ವಾಪಸ್ಸು." ತಮಾಷೆಗೋ ನಿಜಕ್ಕೋ ಅಂತ ಕೇಳೋಷ್ಟರಲ್ಲಿ ಬಸ್ಸು ಹೊರಟಿತ್ತು.

ಶ್ರಾವಣ ಹುಟ್ಟಿತು. ಮಧ್ಯಾಹ್ನದ ಬಸ್ಸಿಗೆ ಮಾವನವರೇ ಮಗಳನ್ನು ಕರೆತರುವವರಿದ್ದರು. ಶಿವನಂಜಪ್ಪ ರಜಾ ಹಾಕಿ, ಮನೆ ಮುಂದೆ ಗುಂಡಿ ತೋಡಿ, ಗೊಬ್ಬರ ಸುರಿದು, ಹಿತ್ತಲಿಗೆ ಹೋಗಿ ಗೋಣಿ ಬಿಚ್ಚಿದ. ಒಳಗೆ ತೊಗರಿಕಡ್ಡಿ!

ಎದುರುಮನೆಗೆ ಓಡಿದರೆ ನೀಲಕಂಠಸ್ವಾಮಿಯ ಜಗಲಿ ಪಕ್ಕ ಎರಡು ಗುಲಾಬಿ ಗಿಡ ಕೆಂಪಗೆ ಚಿಗುರಿ ನಿಂತಿವೆ.

"ಸ್ವಾಮೀ, ಇವನ್ನ ಯಾವಾಗ ನೆಟ್ರಿ?"

"ಹೋದ ವಾರ."

"ಆಷಾಢದಲ್ಲಿ?"

"ಕದ್ದ ಗಿಡಕ್ಕೆ ಆಷಾಢ ಇಲ್ಲ ಕಣಯ್ಯಾ." ನೀಲಕಂಠಸ್ವಾಮಿ ನಿಧಾನವಾಗಿ ನಶ್ಯ ಏರಿಸಿದರು. "ಕದ್ದು ನೆಟ್ರೇನೇ ಹತ್ತೋದು. ಕೊಟ್ಟಿದ್ದು ಬದುಕಲ್ಲ. ಇಷ್ಟೂ ಗೊತ್ತಿಲ್ವಾ ನಿನಗೆ?"

"ಎಲ್ಲಿ ಕದ್ರಿ?"

"ಅದನ್ನ ಹೇಳಿದ್ರೆ ಗಿಡ ಬಾಡುತ್ತೆ."

ಶಿವನಂಜಪ್ಪನಿಗೆ ಅಳುವೇ ಬಂತು. ಬೀದಿಯುದ್ದಕ್ಕೂ ನೋಡಿದ, ಅಲ್ಲೊಂದು, ಇಲ್ಲೊಂದು ಹೊಸ ಗುಲಾಬಿ ಗಿಡ. ಪುಟ್ಟತಾಯಮ್ಮನ ಅಂಗಳದಲ್ಲಂತೂ ಎರಡು, ಒಂದರಲ್ಲಿ ಮೊಗ್ಗು ಬೇರೆ. ಅವಳು ಬಾವಿಗೆ ಹೋಗಿದ್ದಳು. ಬಸ್ಸಿನ ಹೊತ್ತಾಗಿತ್ತು. ಕದ್ದರೇ ಹತ್ತೋದಾದರೆ ಕದಿಯೋಣ ಅಂತ ಬೇಲಿ ಹಾರಿ, ಒಂದನ್ನು ಮಣ್ಣುಸಮೇತ ಕಿತ್ತ. ವಾಪಸ್ಸು ಹಾರುವಾಗ ಪಂಚೆ ಬೇಲಿ ಮುಳ್ಳಿಗೆ ಸಿಕ್ಕಿಕೊಂಡಿತು.

"ಅಯ್ಯಯ್ಯೋ, ಕಳ್ಳ! ಇಡ್ಕಳ್ರಲಾ!"

ಕೊಡ ಹೊತ್ತ ಪುಟ್ಟತಾಯಮ್ಮ ಕೂಗಿದ್ದಕ್ಕೆ ಬೀದಿಯೆಲ್ಲ ನೆರೆಯಿತು. ಮುಂದಾಳು ನೀಲಕಂಠಸ್ವಾಮಿ. ಒಂದು ಕೈಯಲ್ಲಿ ಪಂಚೆ, ಇನ್ನೊಂದರಲ್ಲಿ ಗಿಡ ಹಿಡಿದು ಶಿವನಂಜಪ್ಪ ನಿಂತಿರುವಾಗಲೇ ಜಟಕಾ ಬಂದು ನಿಂತಿತು. ಮಾವನವರು ಇಳಿದರು. ಹಿಂದೆಯೇ ಸರ್ವಮಂಗಳ.

"ಇದು ನನ್ನದೇ ಗಿಡ!" ಎಂದು ಅರಚಿದ ಶಿವನಂಜಪ್ಪ.

"ಅಂಗಾರೆ ನನ್ನ ಅಂಗಳಕ್ಕೆ ಎಂಗೆ ಬಂತು? ನಡ್ಕಂಡು ಬಂತಾ?"

ಬೀದಿ ಬಿದ್ದು ಬಿದ್ದು ನಕ್ಕಿತು. ಮಾವನವರು ಮುಖ ತಿರುಗಿಸಿ ಜಟಕಾದ ಕುದುರೆಯನ್ನು ನೋಡತೊಡಗಿದರು. ಸರ್ವಮಂಗಳಳ ಕಣ್ಣಲ್ಲಿ ನೀರು ಕಂಡು ಪುಟ್ಟತಾಯಮ್ಮ ಕರಗಿಹೋದಳು.

"ಓಗ್ಲಿ ಬುಡವ್ವ, ಅಳಬ್ಯಾಡ. ನಿನಗೋಸ್ಕರ ತಾನೇ ಕದ್ದಿದ್ದು? ತಗೋ, ನಾನೇ ಸಂತೋಸ್ವಾಗಿ ಕೊಟ್ಟಿವ್ನಿ."

"ಅಮ್ಮಾ, ದಮ್ಮಯ್ಯ, ಕೊಡಬೇಡಿ! ನಾನು ಕದ್ಕೋತೀನಿ!"

ಗಂಡನಿಗೆ ತಲೆ ಕೆಟ್ಟಿದೆ ಅಂದುಕೊಂಡ ಸರ್ವಮಂಗಳ, ಪುಟ್ಟತಾಯಮ್ಮನ ಕಾಲಿಗೆ ಬಿದ್ದು ಗಿಡ ಇಸಕೊಂಡಳು.

ಕೊಟ್ಟ ಗಿಡ ವಾರದೊಳಗೆ ಒಣಗಿತು. ಗೌರಿ ಹಬ್ಬದ ಹೊತ್ತಿಗೆ ಆ ಬೀದಿಯಲ್ಲಿ ಗುಲಾಬಿ ಬಿಡದ ಮನೆ ಅಂದರೆ ಶಿವನಂಜಪ್ಪನದೊಂದೇ. ಸರ್ವಮಂಗಳ ಈಗಲೂ ದಿನಾ ಬೆಳಿಗ್ಗೆ ಪುಟ್ಟತಾಯಮ್ಮನ ಮುಂದೆ ಕೈಯೊಡ್ಡಿ, ಒಂದು ಹೂ ಮುಡಿದುಕೊಂಡು ಬರುತ್ತಾಳೆ.

"ಎಂಥ ದೊಡ್ಡ ಮನಸ್ಸು ಕಣ್ರೀ ಅವ್ರದ್ದು," ಅನ್ನುತ್ತಾಳೆ ಗಂಡನಿಗೆ ಕಾಫಿ ಕೊಡುತ್ತಾ. "ಕಳ್ಳನ ಹೆಂಡ್ತಿ ಅಂತಾನೂ ನೋಡದೆ ಕೊಡ್ತಾರೆ."